ಹಿಂದಕ್ಕೆ ಚಾಚಿದ ಕೈ

ಚೇಂಬರು, ಹಿಂದಿನ ಕೋಣೆ
ಗುರುವಾರ, ಮಾರ್ಚ್ ೨೦, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಗಂಟಲು ಹೇಗಿದೆ? ಇವತ್ತಿಗೆ ಆಪರೇಷನ್ ಆಗಿ, ನೀನು ಮಾತು ಬಿಟ್ಟು, ಸರಿಯಾಗಿ ನಾಲ್ಕು ವಾರ. ಇನ್ನೆರಡು ವಾರಕ್ಕೆ ಡಾಕ್ಟರು ಹಾಕಿದ ಗಡುವು ಮುಗಿಯುತ್ತದೆ. ನುಂಗುವಾಗ ಮುಳ್ಳು ಸಿಕ್ಕಿಕೊಂಡ ಹಾಗೆ ಆಗುವುದು ನಿಂತಿದೆಯೇ, ಕೆಮ್ಮು ಕಡಿಮೆಯಾಗಿದೆಯೇ, ಬೆಳಿಗ್ಗೆ ಸಮುದ್ರದ ಕಡೆ ನಡೆಯಲು ಹೋಗುತ್ತಿದ್ದೀಯೋ ಇಲ್ಲವೋ, ಎಲ್ಲವನ್ನೂ ಬರೆ. ಕೂಗುವುದಕ್ಕಿಂತ ಪಿಸುಗುಟ್ಟುವುದೇ ಗಂಟಲಿಗೆ ಹೆಚ್ಚು ಕೆಟ್ಟದ್ದಂತೆ, ಭಾವ ಫೋನಿನಲ್ಲಿ ಹೇಳಿದರು. ಇಷ್ಟು ವರ್ಷದ ಸಂಸಾರದಲ್ಲಿ ಮನೆಯೊಳಗೆ ಹೆಚ್ಚು ಮಾತಾಡುತ್ತಿರುವುದು ತಾವೇ ಆಗಿರುವುದು ಇದೇ ಮೊದಲು ಅಂತಲೂ ಹೇಳಿದರು. ಅದನ್ನು ಹೇಳುವಾಗ ದನಿಯಲ್ಲಿ ಸಂತೋಷವಿತ್ತೋ ಗಾಬರಿಯಿತ್ತೋ ನನಗೆ ತಿಳಿಯಲಿಲ್ಲ. "ಸ್ಲೇಟಲ್ಲಿ ಬರ್ದು ಬರ್ದು ಜಗಳ ಆಡ್ತಾಳೆ ನಿಮ್ಮಕ್ಕ. ನಾನು ಉತ್ತರ ಕೊಡೋ ಮುಂಚೆ ತಾನೇ ಒರೆಸಿಬಿಡ್ತಾಳೆ" ಅಂದರು. ಪಾಪ, ಅವರಿಗೂ ಒಂದು ಅಪೀಲಿನ ಅವಕಾಶ ಕೊಡು.

ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಇದ್ದದ್ದೇ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು "ಅವಳು ಮಾತಾಡಿದ್ಲಾ?" ಅಂತ ಕೇಳುತ್ತಾಳೆ. ಇನ್ನೂ ಮಾತಾಡುವ ಹಾಗಿಲ್ಲಮ್ಮ ಅಂದರೆ, "ಅಷ್ಟು ದಿನ ಬಾಯಿ ಮುಚ್ಕೊಂಡು ಹೇಗಿರ್ತಾಳೋ ನನ್ನ ಮಗು" ಅಂತ ಕಣ್ಣೊರೆಸಿಕೊಳ್ಳುತ್ತಾಳೆ. ಹೋದ ವಾರ ಎರಡೂಕಾಲು ಗಂಟೆ ಮೇಲಿನ ಕೋರ್ಟಿನಲ್ಲಿ ನಿಂತು ಮಾತಾಡಿ ಬಂದ ಇನ್ನೊಂದು ಮಗುವಿನ ಗಂಟಲು ಹೇಗಿದೆ ಅಂತ ಮಾತ್ರ ಕೇಳಲಿಲ್ಲ. ನಲವತ್ತನಾಲ್ಕು ವರ್ಷದ ಹೆಂಗಸು ಅಮ್ಮನ ಮುಂದೆ ನಿಂತು "ನನ್ನನ್ನೂ ಕೇಳು" ಅನ್ನುವುದು ಹೇಗೆ?

ನಿನ್ನ ಪತ್ರ ನಿನ್ನೆ ಬಂತು. ನಾಲ್ಕು ಸಲ ಓದಿದೆ. ಕೆಮಿಸ್ಟರ ಅಪೀಲು ಗೆದ್ದದ್ದಕ್ಕೆ ನನ್ನನ್ನು ಹೊಗಳಿ ಒಂದು ಪುಟ ಬರೆದಿದ್ದೀಯ. ಎರಡನೇ ಪುಟದಲ್ಲಿ ಬರೆದದ್ದನ್ನು ಇಲ್ಲಿ ಮತ್ತೆ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. "ಕಡತದ ಆರುನೂರ ಹನ್ನೆರಡನೇ ಪುಟ ಡಿಸೆಂಬರಿನಲ್ಲೇ ನನ್ನ ಕಣ್ಣಿಗೆ ಬೀಳಬೇಕಿತ್ತು, ಬಿದ್ದಿದ್ದರೆ ಜಾಮೀನು ಆವತ್ತೇ ಸಿಗುತ್ತಿತ್ತು, ನನ್ನಿಂದಾಗಿ ಒಬ್ಬ ನಿರಪರಾಧಿ ತೊಂಬತ್ತಮೂರು ದಿನ ಹೆಚ್ಚಿಗೆ ಜೈಲಿನಲ್ಲಿದ್ದ" ಅಂತ. "ಹೋದ ದನಿಗೆ ಔಷಧ ಇದೆ. ಕಣ್ಣು ಹೋದ ವಕೀಲೆಗೆ ಇಲ್ಲ. ನಾನಿನ್ನು ಗೌನು ತೊಡಲ್ಲ. ಚೇಂಬರು ನಿನ್ನದು. ಬೋರ್ಡು ಬರೆಯುವವನನ್ನು ಕರೆಸು." ಹೀಗೆ ಬರೆದು, ಕೆಳಗೆ ಒಂದು ಗೆರೆ ಎಳೆದಿದ್ದೀಯ. ತೀರ್ಪು ಬಂದ ಕಡತದ ಮೇಲೆ ನೀನು ಎಳೆಯುವ ಗೆರೆಯೇ ಅದು.

ಅದನ್ನು ಓದಿ ನನಗೆ ಮೊದಲು ಆದದ್ದೇನು ಅಂತ ಹೇಳಿಬಿಡುತ್ತೇನೆ. ಸಂತೋಷವಾಯಿತು. ದುಃಖ ಬಂತು, ಅದು ಆಮೇಲೆ. ಮೊದಲು ನಾನು ಹೊರಗೆ ಹೋಗಿ ಬೋರ್ಡಿನ ಮುಂದೆ ನಿಂತು, ನನ್ನ ಹೆಸರು ಅಷ್ಟೇ ದಪ್ಪ ಅಕ್ಷರದಲ್ಲಿ ಅಲ್ಲಿ ಹಿಡಿಸುತ್ತದೆಯೇ ಅಂತ ನೋಡಿದೆ. ಹಿಡಿಸುತ್ತದೆ. ಒಂದಕ್ಷರದ ಜಾಗ ಮಿಗುತ್ತದೆ ಕೂಡ.

ಶಾಲೆಯಲ್ಲಿ ಇಂಗ್ಲಿಷು ತಿದ್ದಿದ ಕೈ ಇದು, ಮನೆಮಾತಿನಲ್ಲಿ ಇಷ್ಟುದ್ದ ಬರೆದು ವರ್ಷಗಳಾದವು. ಕಾಗುಣಿತ ತಪ್ಪಿದ್ದರೆ ತಿದ್ದಿಕೋ. ಇಂಗ್ಲಿಷಿನಲ್ಲೇ ಬರೆಯೋಣವೆಂದು ಶುರು ಮಾಡಿದ್ದೆ. ಎರಡು ಸಾಲಿಗೇ ಅದು ಅರ್ಜಿಯ ಹಾಗಾಯಿತು. ಹರಿದು ಹಾಕಿದೆ.

ವಿಚಾರಣೆಯ ದಿನ ನಡೆದದ್ದು ನಿನಗೆ ಭಾವನ ಮೂಲಕ ಅರ್ಧಂಬರ್ಧ ತಲುಪಿದೆ. ಮೊದಲಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಬರುತ್ತದೆ, ಓದಿಕೋ. ಹದಿನೆಂಟು ವರ್ಷದಿಂದ ನಿನಗೆ ಕಡತ ಓದಿ ಹೇಳಿದ ಅಭ್ಯಾಸ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಔಷಧ ಕಾರ್ಖಾನೆಯಲ್ಲಿ ಮದ್ದಿನ ಗುಣಮಟ್ಟ ನೋಡಿ ಮೊಹರು ಒತ್ತುವ ಕೆಲಸ ನಮ್ಮ ಕೆಮಿಸ್ಟರದು. ಒಂದೇ ದಿನ ಹನ್ನೊಂದು ಸುಳ್ಳು ವರದಿಗೆ ಮೊಹರು ಒತ್ತಿದ, ಪರೀಕ್ಷೆಯನ್ನೇ ಮಾಡದ ಸಿರಪ್ಪನ್ನು ಸರಿಯಿದೆ ಎಂದು ಹೊರಗೆ ಬಿಟ್ಟ ಅಂತ ಆರು ವರ್ಷ ಕೇಸು ನಡೆದು, ಕೆಳಗಿನ ಕೋರ್ಟು ಐದು ವರ್ಷ ಶಿಕ್ಷೆ ಕೊಟ್ಟಿತು. ನವೆಂಬರಿನಲ್ಲಿ ಅವರ ಹೆಂಡತಿ ಕಡತದ ನಾಲ್ಕು ಕಟ್ಟು ಹೊತ್ತುಕೊಂಡು ನಮ್ಮಲ್ಲಿಗೆ ಬಂದರು. ಕಾಗದದಲ್ಲಿ ಮೋಸ ಮಾಡುವ ಇಸ್ತ್ರಿ ಅಂಗಿಯ ಕಳ್ಳರ ಕೇಸುಗಳನ್ನೇ ಯಾಕೆ ಹಿಡಿದುಕೊಂಡಿದ್ದೀರಿ ಅಂತ ನಮ್ಮ ಚಿಕ್ಕಮ್ಮ ಪ್ರತಿ ಮದುವೆಮನೆಯಲ್ಲೂ ಕೇಳುತ್ತಾಳಲ್ಲ, ಈ ಮನುಷ್ಯನಿಗೆ ಇಸ್ತ್ರಿ ಅಂಗಿಯೂ ಇರಲಿಲ್ಲ. ಜೈಲಿನಲ್ಲಿ ನಾವಿಬ್ಬರೂ ನೋಡಲು ಹೋದಾಗ, ಮೊಹರು ಬಿದ್ದ ಆ ದಿನ ನೀವು ಕೆಲಸಕ್ಕೆ ಹೋಗಿದ್ದಿರಾ ಎಂದು ನೀನು ಕೇಳಿದೆ. ಅವರು ಯೋಚಿಸಿ, "ಹಾಜರು ಅಂತ ಬರ್ದಿದೆಯಲ್ಲ ಮೇಡಂ, ಹಾಗಾದ್ರೆ ಹೋಗಿರಬೇಕು" ಅಂದರು. ಹೊರಗೆ ಬಂದ ಮೇಲೆ ನೀನು ನಕ್ಕೆ. ತನ್ನ ನೆನಪಿಗಿಂತ ಕಾಗದವನ್ನು ನಂಬುವ ಮನುಷ್ಯ ಸುಳ್ಳು ಕಾಗದಕ್ಕೆ ಮೊಹರು ಹೇಗೆ ಒತ್ತುತ್ತಾನೆ ಅಂದೆ. ಕಡತ ಬಿಚ್ಚುವ ಮೊದಲೇ ನಿನಗೆ ಗೊತ್ತಾಗಿತ್ತು. ನಿನಗೆ ಹಾಗೆ ಗೊತ್ತಾಗಿಬಿಡುತ್ತದೆ. ನನಗೆ ಕಡತ ಬಿಚ್ಚಬೇಕು, ಓದಬೇಕು, ಗುರುತು ಹಾಕಬೇಕು.

ಕೆಳಗಿನ ಕೋರ್ಟಿನಲ್ಲಿ ಜನ ಇರುತ್ತಾರೆ: ಸಾಕ್ಷಿ ಬೆವರುತ್ತಾನೆ, ಪೊಲೀಸು ತಡವರಿಸುತ್ತಾನೆ. ಮೇಲಿನ ಕೋರ್ಟಿನಲ್ಲಿ ಬರೀ ಕಾಗದ. ಹೊಸ ಸಾಕ್ಷಿ ತರುವಂತಿಲ್ಲ, ಹೊಸ ಕಥೆ ಹೇಳುವಂತಿಲ್ಲ. "ಕಡತದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ" ಅಂತ ನೀನು ಮೊದಲ ದಿನ ನನಗೆ ಹೇಳಿಕೊಟ್ಟೆ. ಹಳದಿ ಚೀಟಿ ತಾರೀಖುಗಳಿಗೆ, ಹಸಿರು ದಾಖಲೆಗಳಿಗೆ, ಗುಲಾಬಿ ಒಂದಕ್ಕೊಂದು ತಾಳೆಯಾಗದ ಮಾತುಗಳಿಗೆ. ಪ್ರತಿ ಚೀಟಿಯ ಮೂಲೆಯಲ್ಲೂ ಅದನ್ನು ಬರೆದ ತಾರೀಖು. ಅದು ಯಾಕೆ ಅಂತ ಕೇಳಿದ್ದಕ್ಕೆ "ಯಾವಾಗ ಕಂಡಿತು ಅನ್ನೋದೂ ಒಂದು ಸಾಕ್ಷಿನೇ ಕಣೆ" ಅಂದಿದ್ದೆ. ಅವತ್ತಿನಿಂದ ತಾರೀಖಿಲ್ಲದ ಚೀಟಿ ನಾನು ಬರೆದಿಲ್ಲ.

ಆಮೇಲೆ ನಿನ್ನ ಕೈ. ಅದರ ಬಗ್ಗೆ ನಾನು ಯಾವತ್ತೂ ನಿನಗೆ ಹೇಳಿಲ್ಲ. ವಾದ ಮಾಡುತ್ತಾ ನಿಂತಾಗ, ಮುಖ ನ್ಯಾಯಮೂರ್ತಿಗಳ ಕಡೆಗೇ ಇರುತ್ತದೆ, ಮಾತು ನಿಲ್ಲುವುದಿಲ್ಲ, ಎಡಗೈ ಮಾತ್ರ ಹಿಂದಕ್ಕೆ ಚಾಚುತ್ತದೆ, ಅಂಗೈ ಮೇಲಕ್ಕೆ. ಹಿಂದೆ ಕೂತ ನಾನು ಬೇಕಾದ ಚೀಟಿಯನ್ನು ಅದರಲ್ಲಿ ಇಡಬೇಕು. ಯಾವುದು ಬೇಕೆಂದು ನೀನು ಹೇಳುವುದಿಲ್ಲ, ನಾನು ಕೇಳುವುದಿಲ್ಲ, ಹದಿನೆಂಟು ವರ್ಷದಲ್ಲಿ ಒಮ್ಮೆಯೂ ತಪ್ಪು ಚೀಟಿ ಕೊಟ್ಟಿಲ್ಲ. ನೀನೂ ಒಮ್ಮೆಯೂ ತಿರುಗಿ ನೋಡಿಲ್ಲ. ಆ ನಂಬಿಕೆಗೆ ಹೆಮ್ಮೆಪಡಬೇಕಿತ್ತು. ನನಗೆ ಆ ಅಂಗೈ ನೋಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಅಂತ ಕೈಯೊಡ್ಡುವ ಹಾಗೆ ನೀನು ಕೈಯೊಡ್ಡುತ್ತೀಯ ಅನ್ನಿಸುತ್ತಿತ್ತು. ಚೀಟಿ ನೋಡಿ, ನಾನು ಮೂರು ದಿನ ಹುಡುಕಿದ್ದನ್ನು ನೀನು ಮೂರು ಸೆಕೆಂಡಿನಲ್ಲಿ ನಿನ್ನ ವಾಕ್ಯದೊಳಗೆ ಸೇರಿಸಿಬಿಡುತ್ತಿದ್ದೆ, ಮೊದಲಿಂದ ಅಲ್ಲೇ ಇತ್ತೆಂಬಂತೆ. ಹಿರಿಯ ನ್ಯಾಯಮೂರ್ತಿಗಳು ಒಮ್ಮೆ ನಿನ್ನ ನೆನಪಿನ ಶಕ್ತಿಯನ್ನು ತುಂಬಿದ ಕೋರ್ಟಿನಲ್ಲಿ ಹೊಗಳಿದರು. ನಿನ್ನ ನೆನಪಿನ ಶಕ್ತಿ ಹಿಂದಿನ ಸಾಲಿನಲ್ಲಿ, ಕುಂಟುವ ಕಾಲಿಗೆ ಕಾಗದ ಮಡಚಿಟ್ಟ ಕುರ್ಚಿಯಲ್ಲಿ ಕೂತಿತ್ತು.

ನೀನು ಕೆಟ್ಟವಳಾಗಿದ್ದರೆ ನನಗೆಷ್ಟು ಸುಲಭವಾಗಿತ್ತು ಅಕ್ಕ. ಪತ್ರಿಕೆಯವನು ಯಶಸ್ಸಿನ ಗುಟ್ಟು ಕೇಳಿದಾಗ, "ನನ್ನ ನೆನಪೆಲ್ಲ ನನ್ನ ತಂಗಿ ಹತ್ತಿರ ಇದೆ" ಅಂತ ನೀನು ಹೇಳಿದ್ದನ್ನು ನಾನೇ ಪಕ್ಕದಲ್ಲಿ ಕೂತು ಕೇಳಿದ್ದೇನೆ. ಅಚ್ಚಾದದ್ದು "ಮನೆಯವರ ಸಹಕಾರವೇ ಯಶಸ್ಸಿನ ಗುಟ್ಟು" ಅಂತ. ನೀನು ಸಿಟ್ಟಾಗಿ ಅವನಿಗೆ ಫೋನು ಮಾಡಿದೆ. ಅವನು ಸಾರಿ ಮೇಡಂ ಅಂದ, ಅಷ್ಟೇ. ನನ್ನ ಮೊದಲ ವಾದ ನೆನಪಿದೆಯಾ? ನಿಂತೆ, ಎರಡು ವಾಕ್ಯ ಹೇಳಿದೆ, ಮೂರನೆಯದರ ನಡುವೆ ನಾಲಿಗೆ ಮರಗಟ್ಟಿತು. ನೀನು ಎದ್ದು ನಿಂತು, ನನ್ನ ವಾಕ್ಯ ಎಲ್ಲಿ ಮುರಿದಿತ್ತೋ ಅಲ್ಲಿಂದಲೇ ಮುಂದುವರಿಸಿದೆ, ಯಾರಿಗೂ ಏನೂ ತಿಳಿಯದ ಹಾಗೆ. ಹೊರಗೆ ಬಂದ ಮೇಲೆ ಐಸ್‌ಕ್ರೀಮು ಕೊಡಿಸಿದೆ. ಆ ಐಸ್‌ಕ್ರೀಮಿನ ತಂಪು ಇವತ್ತಿಗೂ ನನ್ನ ಹಲ್ಲಿನಲ್ಲಿದೆ. ಅಮ್ಮ ಎಲ್ಲಾ ಕೇಳಿಸಿಕೊಂಡು, "ಅವಳಿಗೆ ಬಾಯಿ ಕೊಟ್ಟೆ, ನಿನಗೆ ಕಣ್ಣು ಕೊಟ್ಟೆ. ಹಂಚ್ಕೊಂಡು ಬದುಕಿ" ಅಂದಳು. ಹಂಚಿಕೊಂಡಾಗ ಊರಿಗೆ ಕೇಳಿಸುವುದು ಬಾಯಿ ಮಾತ್ರ.

ಇನ್ನು ಆರುನೂರ ಹನ್ನೆರಡನೇ ಪುಟ. ಕಾರ್ಖಾನೆಯ ಹಾಜರಿ ಪುಸ್ತಕದ ಜೆರಾಕ್ಸು ಅದು, ಮಾಸಿ ಮಸಿ ಬಳಿದ ಹಾಗಿದೆ. ಓದಲು ಬರುವುದಿಲ್ಲ ಅಂತ ಕೋರ್ಟಿನವರು ಅದರ ಹಿಂದೆಯೇ ಟೈಪು ಮಾಡಿದ ಪ್ರತಿ ಇಟ್ಟಿದ್ದಾರೆ. ಕೆಳಗಿನ ಕೋರ್ಟಿನ ವಕೀಲರು, ಸರ್ಕಾರಿ ವಕೀಲರು, ಜಡ್ಜು, ನೀನು, ಎಲ್ಲರೂ ಓದಿದ್ದು ಟೈಪಿನ ಪ್ರತಿಯನ್ನೇ. ಅದರಲ್ಲಿ ಆ ದಿನ ಕೆಮಿಸ್ಟರ ಹೆಸರಿನ ಮುಂದೆ "ಹಾಜರು" ಅಂತಿದೆ. ಅಮ್ಮ ಪೇಪರು ಓದುವ ಭೂತಗನ್ನಡಿಯನ್ನು ನಾನು ತಂದು ಜೆರಾಕ್ಸಿನ ಮೇಲೆ ಒಂದೊಂದು ಸಾಲೂ ಬೆರಳಿಟ್ಟು ಓದಿದೆ. ಟೈಪು ಮಾಡಿದವರ ಕಣ್ಣು ಒಂದು ಸಾಲು ಜಾರಿದೆ. ಮೇಲಿನವನ "ಹಾಜರು" ಇವರಿಗೆ ಬಂದಿದೆ, ಇವರ "ರಜೆ" ಕೆಳಗಿನವನಿಗೆ ಹೋಗಿದೆ. ಆ ದಿನ ಮನುಷ್ಯ ಕಾರ್ಖಾನೆಯಲ್ಲೇ ಇರಲಿಲ್ಲ. ಅವರ ಮೊಹರು ಬೀಗವಿಲ್ಲದ ಡ್ರಾಯರಿನಲ್ಲಿತ್ತು ಅಂತ ಸರ್ಕಾರದ ಸಾಕ್ಷಿಯೇ ಇನ್ನೂರ ನಾಲ್ಕನೇ ಪುಟದಲ್ಲಿ ಹೇಳಿದ್ದಾನೆ. ಎರಡನ್ನೂ ಜೋಡಿಸಿದರೆ ಮುಗಿಯಿತು.

ಸೋಮವಾರ, ಹತ್ತನೇ ತಾರೀಖು, ಎರಡನೇ ಕೋರ್ಟ್ ಹಾಲಿನಲ್ಲಿ ಕೇಸು ಕೂಗಿದರು. ಮೈಕು ನಿನ್ನ ಎತ್ತರಕ್ಕಿತ್ತು, ಬಗ್ಗಿಸಲು ಹೋದರೆ ಕಿರುಚಿಕೊಂಡಿತು. ಒಂದು ತಾರೀಖೂ ಮರೆಯದ ನಮ್ಮ ಗುಮಾಸ್ತರು, ಕ್ಯಾಲೆಂಡರ್ ಮಾಮ, ನನ್ನ ಹಿಂದೆ, ನನ್ನ ಕುರ್ಚಿಯಲ್ಲೇ ಕೂತಿದ್ದರು. ಮೂರನೇ ವಾಕ್ಯ ದಾಟುವ ತನಕ ನನಗೆ ನನ್ನ ದನಿ ಕೇಳಿಸಲಿಲ್ಲ. ಆಮೇಲೆ ಕೇಳಿಸತೊಡಗಿತು, ಅದು ನನಗೆ ಇಷ್ಟವಾಯಿತು. ಜೆರಾಕ್ಸಿನ ಮೇಲೆ ಸಾಲು ಸಾಲಾಗಿ ಓದಿಸಿದೆ. ಕಿರಿಯ ನ್ಯಾಯಮೂರ್ತಿಗಳು ಕನ್ನಡಕ ತೆಗೆದು ಪುಟವನ್ನು ಮೂಗಿನ ಹತ್ತಿರ ಹಿಡಿದರು. ಸರ್ಕಾರಿ ವಕೀಲರು ತಮ್ಮ ಪ್ರತಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಅವರ ಬೆರಳು ಸಾಲಿನ ಮೇಲೆ ನಿಂತದ್ದನ್ನು ನೋಡಿದೆ. ನಡುವೆ ಒಮ್ಮೆ ನನ್ನ ಎಡಗೈ ತಾನಾಗಿ ಹಿಂದಕ್ಕೆ ಹೋಯಿತು, ಅಂಗೈ ಮೇಲಕ್ಕೆ. ಮಾಮನಿಗೆ ಏನು ಕೊಡಬೇಕೆಂದು ತಿಳಿಯದೆ ತಮ್ಮ ಪೆನ್ನು ಇಟ್ಟರು.

ಆಗ ಹಿರಿಯ ನ್ಯಾಯಮೂರ್ತಿಗಳು ಕೇಳಿದರು: "ಇದು ಇಷ್ಟು ಸ್ಪಷ್ಟ ಇದ್ರೆ, ಜಾಮೀನಿನ ದಿನ ಯಾಕೆ ಹೇಳ್ಲಿಲ್ಲ?" ನಾನು ಹೇಳಿದೆ: "ಆಗ ನಮ್ಮ ಗಮನಕ್ಕೆ ಬಂದಿರಲಿಲ್ಲ." ಅವರು ಹುಬ್ಬೇರಿಸಿ, "ನಿಮ್ಮ ಅಕ್ಕನ ಗಮನಕ್ಕೂ?" ಅಂದರು. ನಾನು ತಲೆ ಬಗ್ಗಿಸಿದೆ. ಹಿಂದಿನ ಸಾಲುಗಳಲ್ಲಿ ಯಾರೋ ಮೆಲ್ಲಗೆ ನಕ್ಕರು. ಆ ನಗು ನನಗೆ ಸಿಹಿಯಾಗಿತ್ತು ಅಕ್ಕ. ಸಿಹಿಯಾಗಿದ್ದದ್ದು ನಿಜ, ಅದಕ್ಕೇ ಬರೆಯುತ್ತಿದ್ದೇನೆ.

ಬುಧವಾರ ತೀರ್ಪು ಬಂತು. ಅದೇ ದಿನ ಸಂಜೆಯ ಹೊತ್ತಿಗೆ ಕೆಮಿಸ್ಟರು ಹೊರಗೆ. ಮರುದಿನ ಗಂಡಹೆಂಡತಿ ಚೇಂಬರಿಗೆ ಬಂದರು. ಅವರು ಬಹಳ ಇಳಿದುಹೋಗಿದ್ದಾರೆ, ಬೆಲ್ಟಿಗೆ ಹೊಸದಾಗಿ ಎರಡು ತೂತು ಮಾಡಿಕೊಂಡಿದ್ದರು. ತೀರ್ಪಿನ ಪ್ರತಿ ಕೊಟ್ಟರೆ ಕೂತಲ್ಲೇ ಕೊನೆಯ ಪುಟದ ತನಕ ಓದಿ, "ಹಾಗಾದ್ರೆ ನಾನು ಅವತ್ತು ಕೆಲಸಕ್ಕೆ ಹೋಗಿರ್ಲಿಲ್ಲ" ಅಂದರು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. ಹೆಂಡತಿ, "ಮಗಳ ಹಲ್ಲು ಕೀಳಿಸೋಕೆ ಕರ್ಕೊಂಡು ಹೋಗಿದ್ರಿ ಅಂತ ನಾನು ಬಡ್ಕೊಂಡೆ. ಕಾಗದ ತೋರ್ಸು ಅಂದ್ರು" ಅಂತ ಅತ್ತರು. ಆಮೇಲೆ ಆಕೆ ನನ್ನ ಎರಡೂ ಕೈ ಹಿಡಿದುಕೊಂಡು, ನಿಮ್ಮ ಕಣ್ಣು ತಣ್ಣಗಿರಲಿ ಅಂದರು. ಅವರು ಹೋದ ಮೇಲೆ ಮಾಮ ಕಡತ ಕಟ್ಟುತ್ತಾ, "ಚೆನ್ನಾಗಿ ಮಾಡಿದ್ರಿ ಚಿಕ್ಕ ಮೇಡಂ. ದೊಡ್ಡ ಮೇಡಂ ಆಗಿದ್ರೆ ಇಪ್ಪತ್ತು ನಿಮಿಷದಲ್ಲಿ ಮುಗಿಸ್ತಿದ್ರು" ಅಂದರು. ನೋಡು, ನೀನು ಬಾಯಿ ಮುಚ್ಚಿಕೊಂಡು ಸಮುದ್ರದ ಹತ್ತಿರ ಕೂತಿದ್ದರೂ ನನಗಿಂತ ಚೆನ್ನಾಗಿ ವಾದ ಮಾಡುತ್ತೀಯ.

ನಿನ್ನ ಪತ್ರದ ಕೊನೆಯಲ್ಲಿ ಒಂದು ಮಾತಿದೆ. ಜಾಮೀನಿನ ದಿನ, ನಿನ್ನ ಗಂಟಲು ಮೊದಲ ಸಲ ಕೈಕೊಟ್ಟ ದಿನ, ನೀನು ಹಿಂದಕ್ಕೆ ಕೈ ಚಾಚಿದಾಗ ನಾನು ಚೀಟಿ ಕೊಡದೆ ನೀರಿನ ಲೋಟ ಕೊಟ್ಟೆನಲ್ಲ, ಅದನ್ನು ನೆನೆಸಿಕೊಂಡಿದ್ದೀಯ. "ಡಾಕ್ಟರಿಗಿಂತ ಎರಡು ತಿಂಗಳು ಮುಂಚೆ ನನ್ನ ಗಂಟಲನ್ನು ಕಂಡುಹಿಡಿದವಳು ನೀನು" ಅಂತ ಬರೆದಿದ್ದೀಯ. ಆ ಸಾಲನ್ನು ನಾನು ಎರಡನೇ ಸಲ ಓದಲಿಲ್ಲ. ಮೇಲೆ ನಾಲ್ಕು ಸಲ ಅಂದೆನಲ್ಲ, ಉಳಿದದ್ದನ್ನು ನಾಲ್ಕು ಸಲ, ಅದನ್ನು ಒಂದೇ ಸಲ.

ಬೋರ್ಡಿನವನನ್ನು ಕರೆಸಿಲ್ಲ. ನಿನ್ನ ಗೌನು ಒಗೆಸಿ ಕಪಾಟಿನಲ್ಲಿ ನೇತುಹಾಕಿದ್ದೇನೆ. ಏಪ್ರಿಲಿನಲ್ಲಿ ನಿನ್ನ ಮೂರು ಅಪೀಲುಗಳಿವೆ, ಮುಂದೂಡುವಂತೆ ಕೇಳುವುದಿಲ್ಲ. ಅಮ್ಮನ ಆಶೀರ್ವಾದ, ನೀನು ಮಾತಾಡುವ ದಿನ ಮೊದಲ ಫೋನು ಅವಳಿಗೇ ಬರಬೇಕಂತೆ. ಭಾವನಿಗೆ ನನ್ನ ನಮಸ್ಕಾರ ಹೇಳು, ಅಂದರೆ ಸ್ಲೇಟಿನಲ್ಲಿ ಬರೆದು ತೋರಿಸು, ಒರೆಸುವ ಮೊದಲು ಓದಲು ಬಿಡು. ಬಿಸಿನೀರು ಕುಡಿ, ಗಾಳಿಗೆ ಕುತ್ತಿಗೆ ಮುಚ್ಚಿಕೋ.

ಚಿಕ್ಕಂದಿನಿಂದ ನೀನು ಕರೆದ ಹೆಸರಿನಲ್ಲೇ,
ನಿನ್ನ ಬಾಲ

ಮರೆತ ಮಾತು: ಮರೆತದ್ದಲ್ಲ. ಮಾಮ ಅಂಚೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಇನ್ನು ಎರಡು ನಿಮಿಷದಲ್ಲಿ ಬರೆಯದಿದ್ದರೆ ಯಾವತ್ತೂ ಬರೆಯುವುದಿಲ್ಲ. ನಿನ್ನ ಕಣ್ಣು ತಪ್ಪಲಿಲ್ಲ ಅಕ್ಕ. ಆರುನೂರ ಹನ್ನೆರಡನೇ ಪುಟ ನನಗೆ ಸಿಕ್ಕಿದ್ದು ಡಿಸೆಂಬರ್ ಐದನೇ ತಾರೀಖು, ಜಾಮೀನಿನ ವಿಚಾರಣೆಗೆ ನಾಲ್ಕು ದಿನ ಮೊದಲು. ಚೀಟಿ ಬರೆದೆ, ಕಡತಕ್ಕೆ ಅಂಟಿಸಲಿಲ್ಲ. ನನ್ನ ಕನ್ನಡಕದ ಡಬ್ಬಿಯಲ್ಲಿಟ್ಟೆ. ಅಂತಿಮ ವಾದದ ದಿನ, ಈ ಒಂದು ಅಂಶ ನಾನೇ ಹೇಳುತ್ತೇನೆ ಅಂತ ನಿನ್ನನ್ನು ಕೇಳಬೇಕೆಂದಿದ್ದೆ. ಎದುರಾಳಿಗೆ ಮೊದಲೇ ಗುಟ್ಟು ಬಿಡಬಾರದು ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಮುಗಿದ ಕಡತಕ್ಕೆ ಎದುರಾಳಿ ಹೊಸದೇನೂ ಸೇರಿಸಲಾರ ಅಂತ ನನಗೆ ಗೊತ್ತಿಲ್ಲದೆ ಏನು? ಒಂಬತ್ತನೇ ತಾರೀಖು ನೀನು ಕೈ ಚಾಚಿದೆ. ನೀನು ಕೆಮ್ಮಿದ್ದು ನನಗೆ ಕೇಳಿಸಿಯೇ ಇರಲಿಲ್ಲ. ಚೀಟಿ ಕೊಡಬಾರದೆಂದು ಕೈಗೆ ಸಿಕ್ಕಿದ ಲೋಟ ಇಟ್ಟೆ. ನೀನು ಕುಡಿದೆ. ತೊಂಬತ್ತಮೂರು ದಿನ ನನ್ನವು, ನಿನ್ನವಲ್ಲ. ಕೋರ್ಟಿನಲ್ಲಿ ಹೇಳಿದ್ದೂ ಸುಳ್ಳು. ನಾಳೆ ಬೆಳಿಗ್ಗೆ ಕೆಮಿಸ್ಟರ ಮನೆಗೆ ಹೋಗಿ ಹೇಳುತ್ತೇನೆ, ಆಮೇಲೆ ಕೋರ್ಟಿಗೂ ಬರೆದು ಕೊಡುತ್ತೇನೆ. ಅದಕ್ಕೆ ಮೊದಲು ನಿನಗೆ ಹೇಳಬೇಕಿತ್ತು. ಕಡತದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಅನ್ನುತ್ತೀಯಲ್ಲ, ಆ ಹಸಿರು ಚೀಟಿ ಈ ಲಕೋಟೆಯೊಳಗೇ ಇದೆ. ಮೂಲೆಯ ತಾರೀಖು ನೋಡಿಕೋ.